ಮುಖಪುಟದ ದನಿ

ಮಾರ್ಚ್ 4, ಸೋಮವಾರ

ವೆಬ್‌ಸೈಟ್ ಮಾಡಿಕೊಡುವವನು ಇವತ್ತು ಬಂದಿದ್ದ. ಗುಂಡು ಕನ್ನಡಕ, ತುಟಿ ಮುಚ್ಚುವಷ್ಟು ಮೀಸೆ. ಅವನು ಹೋದ ಮೇಲೆ ತಂಗಿ ಅವನಿಗೆ ‘ಪೊರಕೆ’ ಅಂತ ಹೆಸರಿಟ್ಟಳು. ಕಿವಿ ಕೇಳದ ಇವಳಿಗೆ ಮಾತು ತಿಳಿಯುವುದು ತುಟಿ ನೋಡಿ, ಆ ಮೀಸೆಯ ಹಿಂದೆ ಅವನು ಏನು ಹೇಳುತ್ತಿದ್ದಾನೋ ಒಂದಕ್ಷರವೂ ಓದಲಾಗಲಿಲ್ಲವಂತೆ. ಹೆಸರಿಡುವುದರಲ್ಲಿ ಇವಳು ಎತ್ತಿದ ಕೈ. ಇವಳಿಗೆ ಮಾತ್ರ ಅಪ್ಪ ಇಟ್ಟ ಹೆಸರೇ ಉಳಿದಿದೆ: ಮೊಂಡಿ.

ನಮ್ಮ ಹಳೆಯ ಸೈಟನ್ನು ತೋರಿಸಿದೆವು. ಕಂಪನಿ ಶುರು ಮಾಡಿದ ಹೊಸತರಲ್ಲಿ ಮೊಂಡಿಯೇ ಕೂತು ಮಾಡಿದ್ದು. ಬಿಳಿ ಹಿನ್ನೆಲೆ, ನಡುವೆ ನಮ್ಮ ದೀಪ, ಕೆಳಗೆ ಒಂದೇ ಸಾಲು: ‘ಯಾರಾದರೂ ಬಾಗಿಲು ಬಡಿದರೆ ಇದು ಬೆಳಗುತ್ತದೆ.’

ಪೊರಕೆ ತಲೆ ಓರೆ ಮಾಡಿ ನೋಡಿದ. “ಚೆನ್ನಾಗಿದೆ ಮೇಡಂ. ಬಲ್ಬಿನ ಅಂಗಡಿ ಅನ್ಕೋತಾರೆ, ಅಷ್ಟೇ.”

ಜನ ಸೈಟಿಗೆ ಬರುವುದು ಬಸ್ಸಿನ ಕಿಟಕಿಯಿಂದ ಅಂಗಡಿ ಬೀದಿ ನೋಡಿದ ಹಾಗಂತೆ. ಕಣ್ಣು ಹೊರಳುವಷ್ಟರಲ್ಲಿ ನೀವು ಯಾರು, ಏನು ಮಾಡುತ್ತೀರಿ, ನಿಮ್ಮನ್ನು ಯಾಕೆ ನಂಬಬೇಕು ಅನ್ನುವುದು ತಲೆಗೆ ಹೋಗಬೇಕಂತೆ. ಹೊಸ ಕಂಪನಿಗಳಿಗಂತೂ ಮೊದಲ ನೋಟವೇ ಬಂಡವಾಳ, ಹಳಬರ ಹಾಗೆ ಹೆಸರಿನ ಮೇಲೆ ಬದುಕಲು ಆಗುವುದಿಲ್ಲ. “ನಂಬಿಕೆ ಬರೋದು ಮುಖದಿಂದ. ಮುಖ ಬೇಕು. ಮುಖದ ಹಿಂದೆ ಒಂದು ಕಥೆ ಬೇಕು,” ಅಂದವನು ಮೊಂಡಿಯ ಕಡೆ ನೋಡಿದ.

ಅವಳು ನನ್ನ ಕಡೆ ನೋಡಿದಳು. ಆಮೇಲೆ ಹೇಳುತ್ತೇನೆ ಅಂತ ಅವಳಿಗೆ ಕೈಸನ್ನೆ ಮಾಡಿ, ಪೊರಕೆಗೆ ಹೇಳಿದೆ, “ಅವಳಿಗೆ ಒಪ್ಪಿಗೆ.”

ಹೋಟೆಲುಗಳ ಆ ದೊಡ್ಡ ಸಂಸ್ಥೆಯವರು ಮುಂದಿನ ತಿಂಗಳು ನಮ್ಮನ್ನು ನೋಡಲು ಬರುತ್ತಾರೆ. ಬರುವ ಮೊದಲು ಸೈಟು ನೋಡಿಯೇ ನೋಡುತ್ತಾರೆ. ಕಿವಿ ಕೇಳದ ಅತಿಥಿಗಳ ಕೋಣೆಗೆಲ್ಲ ನಮ್ಮ ದೀಪ ಬಂದರೆ! ನೆನೆಸಿಕೊಂಡರೇ ಮೈ ಜುಮ್ಮೆನ್ನುತ್ತದೆ.

ಮಾರ್ಚ್ 7, ಗುರುವಾರ

‘ನಮ್ಮ ಕಥೆ’ ಅನ್ನುವ ಪುಟಕ್ಕೆ ನಾನೇ ಬರೆದೆ. ‘ಆರು ವರ್ಷದ ನನ್ನ ತಂಗಿಗೆ ಒಮ್ಮೆ ಜ್ವರ ಬಂತು. ಜ್ವರ ಇಳಿದಾಗ ಅವಳ ಲೋಕ ಮೌನವಾಗಿತ್ತು.’ ಬರೆಯುತ್ತಾ ಬರೆಯುತ್ತಾ ನನಗೇ ಅಳು ಬಂತು. ಮೂಗೊರೆಸಿಕೊಂಡು ಮೊಂಡಿಗೆ ಓದಲು ಕೊಟ್ಟೆ.

“ಮೌನ ಅಂತ ನಿನಗ್ಯಾರು ಹೇಳಿದ್ದು? ನನಗೆ ಈಗಲೂ ಒಳಗೆ ಗುಂಯ್ ಅಂತಿರುತ್ತೆ. ಒಂದೊಂದು ದಿನ ಹಿಟ್ಟಿನ ಗಿರಣಿ ಇದ್ದ ಹಾಗೆ.”

“ಇಷ್ಟು ವರ್ಷ ಹೇಳೇ ಇಲ್ಲ?”

“ನೀನು ಕೇಳಲೇ ಇಲ್ಲ.” ನಕ್ಕಳು. ಕಾಗದ ಕೊಟ್ಟು ತಂತಿ ಸುತ್ತಲು ಹೋದಳು.

ಸಾಲನ್ನು ಬದಲಿಸಲಿಲ್ಲ. ಹಿಟ್ಟಿನ ಗಿರಣಿ ಅಂತ ಬರೆದರೆ ಓದುವವರಿಗೆ ನಗು ಬರುತ್ತದೆ. ಮೌನ ಅಂದರೇ ಚೆಂದ.

ಮಾರ್ಚ್ 12, ಮಂಗಳವಾರ

ಚಿತ್ರೀಕರಣ ಮುಗಿಯಿತು. ಮೊಂಡಿ ನೀಲಿ ಅಂಗಿ ಹಾಕಿದ್ದಳು, ಕೂದಲು ಬಿಗಿಯಾಗಿ ಕಟ್ಟಿದ್ದಳು. ಕ್ಯಾಮೆರಾ ಎದುರು ಇವಳಿಗೆ ಒಂದಿಷ್ಟೂ ಅಂಜಿಕೆಯಿಲ್ಲ. ನನಗೇ ಅಂಗೈ ಬೆವರುತ್ತಿತ್ತು.

“ಈ ದೀಪ ಯಾಕೆ ಮಾಡಿದಿರಿ?” ಅಂತ ಪೊರಕೆ ಹಲಗೆಯ ಮೇಲೆ ಬರೆದು ತೋರಿಸಿದ. ನನ್ನ ಅಕ್ಕನಿಂದ ಅಂತ ಶುರು ಮಾಡುತ್ತಾಳೆ ಅಂದುಕೊಂಡಿದ್ದೆ. ಇವಳು ಹೇಳಿದ್ದೇ ಬೇರೆ.

“ಚಿಕ್ಕವಳಿದ್ದಾಗ ಸ್ನಾನದ ಮನೆಯ ಚಿಲಕ ಹಾಕ್ಕೋಬಾರದು ಅಂತ ನಮ್ಮನೇಲಿ ಕಟ್ಟಪ್ಪಣೆ. ಬಡಿದರೆ ಇವಳಿಗೆ ಕೇಳಲ್ಲ, ಒಳಗೆ ಬಿದ್ದುಗಿದ್ದರೆ ಏನು ಗತಿ ಅಂತ. ದೊಡ್ಡವಳಾದ ಮೇಲೂ ಅಷ್ಟೆ, ಮಲಗೋ ಕೋಣೆಗೂ ಅಷ್ಟೆ. ಎಲ್ಲರೂ ಸೀದಾ ಒಳಗೆ ಬರೋರು. ನನಗೆ ಚಿಲಕ ಹಾಕ್ಕೊಂಡು ಕೂರೋ ಆಸೆ. ಯಾರಾದರೂ ಬಂದರೆ ದೀಪ ನೋಡಿ ನಾನೇ ಎದ್ದು ತೆಗೀಬೇಕು. ಬೇಡ ಅನ್ನಿಸಿದರೆ ತೆಗೀಬಾರದು. ಅದಕ್ಕೆ ಮಾಡಿದೆ.”

ನಮ್ಮ ಸರ್ಕ್ಯೂಟುಗಳನ್ನೆಲ್ಲ ಜೋಡಿಸುವ ಬೆಸುಗೆಯಣ್ಣ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿಬಿಟ್ಟರು. ಅದೂ ರೆಕಾರ್ಡ್ ಆಗಿದೆ.

ನನಗೆ ಸ್ವಲ್ಪ ಪಿಚ್ಚೆನಿಸಿತು. ಚಿಲಕ ಬೇಡ ಅಂದದ್ದು ಅವಳ ಒಳ್ಳೆಯದಕ್ಕೇ ತಾನೇ.

ಮಾರ್ಚ್ 16, ಶನಿವಾರ

ಪೊರಕೆ ಫೋನ್ ಮಾಡಿದ್ದ. ರಾಗ ಎಳೆದ. “ಮೇಡಂ, ತಪ್ಪು ತಿಳೀಬೇಡಿ. ಅವರ ಮುಖ ತುಂಬಾ ಚೆನ್ನಾಗಿ ಬಂದಿದೆ. ದನಿ ಮಾತ್ರ... ಮೊದಲ ಸಲ ಕೇಳೋರಿಗೆ ಅರ್ಥ ಆಗೋಕೆ ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ಮುಂದೆ ಹೋಗಿರ್ತಾರೆ.”

ಅವನು ಹೇಳುವುದರಲ್ಲಿ ಸುಳ್ಳಿಲ್ಲ. ‘ಶ’ ಇವಳ ಬಾಯಲ್ಲಿ ‘ಸ’ ಆಗುತ್ತದೆ, ಪದದ ಕೊನೆ ನುಂಗಿಹೋಗುತ್ತದೆ, ಸಣ್ಣ ಕೋಣೆಯಲ್ಲೂ ಬಯಲಲ್ಲಿ ಕೂಗಿದ ಹಾಗೆ ಮಾತಾಡುತ್ತಾಳೆ. ನಮಗೆ ಅಭ್ಯಾಸ. ಹೊರಗಿನವರು ತಿರುಗಿ ನೋಡುತ್ತಾರೆ.

ಬೇರೆ ಹೆಂಗಸಿನ ದನಿ ಕೂಡಿಸೋಣ ಅಂದ. ಚಿಲಕದ ವಿಷಯವೂ ಯಾರಿಗೂ ತಲೆಬುಡ ತಿಳಿಯುವುದಿಲ್ಲ, ಅಕ್ಕ–ತಂಗಿ ಅಂದರೆ ಎಲ್ಲರ ಮನಸ್ಸೂ ಕರಗುತ್ತದೆ ಅಂದ. ತುಟಿ ಅಷ್ಟೇನೂ ತಿಳಿಯದ ಹಾಗೆ ಓರೆಯಿಂದ ಹಿಡಿದ ತುಣುಕುಗಳನ್ನೇ ಹಾಕುತ್ತಾನಂತೆ.

“ಅವರಿಗೆ ಬೇಜಾರಾಗುತ್ತಾ?”

“ಅವಳಿಗೆ ಕೇಳಿಸಲ್ವಲ್ಲ,” ಅಂದೆ. ಇಬ್ಬರೂ ನಕ್ಕೆವು. ನಾನು ಬೇಗ ನಿಲ್ಲಿಸಿದೆ.

ಮಾತನ್ನು ಕೆಳಗೆ ಅಕ್ಷರದಲ್ಲಿ ಹಾಕುವುದು ಬೇಡ, ಪರದೆ ಗಿಜಿಗಿಜಿ ಅನ್ನುತ್ತದೆ, ಕೊಳ್ಳುವವರೆಲ್ಲ ಹೇಗೂ ಕಿವಿ ಇರುವವರೇ ಅಂದ. ನಾನು ಒಪ್ಪಿದೆ. ಮೊಂಡಿ ಆಗ ತಂತಿ ತರಲು ಹೋಗಿದ್ದಳು. ಬಂದ ಮೇಲೆ ಹೇಳೋಣ ಅಂತಿದ್ದೆ. ಬಂದವಳು ಖುಷಿಯಲ್ಲಿದ್ದಳು, ಹಾಳು ಮಾಡುವುದು ಯಾಕೆ ಅನ್ನಿಸಿತು.

ಮಾರ್ಚ್ 21, ಗುರುವಾರ

ಹೊಸ ಸೈಟು ಬಂತು! ಎಂಥ ಅಂದ. ತೆರೆದ ಕೂಡಲೇ ಪರದೆ ತುಂಬ ಮೊಂಡಿ. ಕಿಟಕಿಯ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದಿದೆ, ಪಕ್ಕದಲ್ಲಿ ದೀಪ ಮೆಲ್ಲಗೆ ಬೆಳಗುತ್ತದೆ. ಹಿಂದಿನಿಂದ ಮೆತ್ತನೆಯ ದನಿ: ‘ನನ್ನ ಲೋಕ ಮೌನವಾದಾಗ, ನನ್ನ ಅಕ್ಕನೇ ನನ್ನ ಕಿವಿಯಾದಳು.’

ಅಮ್ಮನನ್ನು ಕೂರಿಸಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಕೊನೆವರೆಗೂ ನೋಡಿದಳು.

“ಯಾರೇ ಇವಳು?”

“ಮೊಂಡಿ ಕಣಮ್ಮಾ!”

“ಬಾಯಿ ಮೊಂಡಿದು. ದನಿ ಯಾರದು ಅಂತ ಕೇಳಿದೆ.”

“ಅಮ್ಮಾ, ಮೆಲ್ಲಗೆ.”

“ಮೆಲ್ಲಗೆ ಯಾಕೆ? ಅವಳಿಗೆ ಕೇಳುತ್ತಾ?” ಅಂತ ಹೇಳಿ ಎದ್ದು ಹೋದಳು. ಅಮ್ಮನಿಗೆ ಯಾವುದೂ ಒಂದೇ ಸಲಕ್ಕೆ ಹಿಡಿಸುವುದಿಲ್ಲ.

ಮೊಂಡಿ ನೋಡಿ ಅಕ್ಷರ ಯಾಕಿಲ್ಲ ಅಂತ ಕೇಳಿದಳು. ಹಾಕುತ್ತಾರೆ ಅಂದೆ. ತನ್ನ ಮೂಗು ದಪ್ಪ ಕಾಣುತ್ತದೆ ಅಂದಳು.

ಮಾರ್ಚ್ 25, ಸೋಮವಾರ

ಇಷ್ಟು ಜನ ನಮ್ಮ ಸೈಟಿಗೆ ಯಾವತ್ತೂ ಬಂದಿರಲಿಲ್ಲ. ಯಾರೋ ಬರೆದಿದ್ದಾರೆ, ನೋಡಿ ಕಣ್ಣೀರು ಬಂತು ಅಂತ. ಹೋಟೆಲಿನವರು ದಿನ ಗೊತ್ತು ಮಾಡಿದರು. ಬರುವ ಗುರುವಾರದ ಮುಂದಿನ ಗುರುವಾರ.

ಏಪ್ರಿಲ್ 4, ಗುರುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹೋಟೆಲಿನಿಂದ ಒಬ್ಬ ಹಿರಿಯ ಅಧಿಕಾರಿಣಿ ಬಂದಿದ್ದರು, ಜೊತೆಗೆ ಇಬ್ಬರು. ಆಕೆ ಬಂದವರೇ ಸೀದಾ ಮೊಂಡಿಯ ಕೈ ಹಿಡಿದುಕೊಂಡು, “ವಿಡಿಯೋದಲ್ಲಿ ಎಷ್ಟು ಚೆನ್ನಾಗಿ ಮಾತಾಡಿದ್ದೀರಿ!” ಅಂದರು. ಆಕೆ ಬಾಯಿ ತುಂಬ, ಬಿಡಿಸಿ ಮಾತಾಡುವವರು. ಮೊಂಡಿಗೆ ಪೂರ್ತಿ ತಿಳಿಯಿತು.

“ಥ್ಯಾಂಕ್ಸ್. ಬನ್ನಿ, ದೀಪ ತೋರಿಸ್ತೀನಿ,” ಅಂದಳು ಮೊಂಡಿ.

ಆಕೆಯ ಮುಖ ಒಂದು ಗಳಿಗೆ ಹಾಗೇ ನಿಂತಿತು. ನನ್ನ ಕಡೆ ತಿರುಗಿ, “ಇವರೇನಾ ಅವರು? ಆ ದನಿ ಬೇರೆ ಇತ್ತಲ್ಲ?” ಅಂದರು. ತಿರುಗಿದರೂ ತುಟಿ ಮೊಂಡಿಗೆ ಕಾಣುತ್ತಿತ್ತು.

ನಾನು ಏನೋ ಹೇಳಲು ಹೋದೆ. ಮೊಂಡಿ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಎತ್ತಿಕೊಂಡಳು. ಬೆಸುಗೆಯಣ್ಣನ ಎದುರಿಗೆ ಇಟ್ಟು ವಿಡಿಯೋ ಹಚ್ಚಿದಳು.

“ಅಣ್ಣ, ಇವಳು ಏನು ಹೇಳ್ತಿದ್ದಾಳೆ, ಹಾಗೇ ಹೇಳಿ.”

ಪರದೆಯ ಮೇಲಿರುವ ತನ್ನನ್ನೇ ‘ಇವಳು’ ಅಂದಳು. ಬೆಸುಗೆಯಣ್ಣ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು, ಅವಳಿಗೆ ತುಟಿ ಕಾಣುವ ಹಾಗೆ ನಿಂತು, ಒಂದೊಂದೇ ವಾಕ್ಯ ಹೇಳಿದರು. ನನ್ನ ಲೋಕ ಮೌನವಾದಾಗ. ನನ್ನ ಅಕ್ಕನೇ ನನ್ನ ಕಿವಿಯಾದಳು. ಅವಳಿಲ್ಲದೆ ನಾನು ಒಂದು ಹೆಜ್ಜೆಯೂ ಇಡಲಾರೆ. ದಪ್ಪ ಮೀಸೆಯಿಲ್ಲದ ಅವರ ಮುಖವನ್ನು ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿದಳು. ಬಂದವರಿಗೆ ದೀಪ ತೋರಿಸಿದಳು, ದಿಂಬಿನ ಕೆಳಗೆ ನಡುಗುವ ಬಿಲ್ಲೆ ತೋರಿಸಿದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಅವರಿಗೆ ತಿಳಿಯದಿದ್ದಾಗ ನಾನು ಬಾಯಿ ಹಾಕಲು ಹೋದರೆ ಕೈ ಅಡ್ಡ ಹಿಡಿದು ತಾನೇ ಇನ್ನೊಮ್ಮೆ ಹೇಳಿದಳು. ಗೇಟಿನವರೆಗೂ ಹೋಗಿ ಬೀಳ್ಕೊಟ್ಟಳು.

ನನ್ನ ಕಡೆ ಮಾತ್ರ ತಿರುಗಲಿಲ್ಲ. ಅವಳು ನೋಡದಿದ್ದರೆ ನಾನು ಅವಳಿಗೆ ಏನನ್ನೂ ಹೇಳಲಾಗುವುದಿಲ್ಲ.

ಏಪ್ರಿಲ್ 5, ಶುಕ್ರವಾರ

“ಕಿವಿ ಹೋಗಿತ್ತು. ದನಿ ಇತ್ತು. ಅದನ್ನೂ ತೆಗೆದೆ.” ಮೊಂಡಿ ಇಷ್ಟೇ ಹೇಳಿದ್ದು.

ನಾನು ಎಷ್ಟೋ ಹೇಳಿದೆ. ಕಂಪನಿಗೋಸ್ಕರ, ನಮಗೋಸ್ಕರ, ನಿನಗೋಸ್ಕರ. ಅರ್ಧದಲ್ಲೇ ಅವಳು ಕಣ್ಣು ಮುಚ್ಚಿಕೊಂಡಳು. ಅದಕ್ಕಿಂತ ಕೈಯಿಂದ ಕಿವಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು.

ಸಂಜೆಯ ರೈಲಿಗೆ ಹೊರಟಳು. ಶಾಲೆಯ ಗೆಳತಿಯೊಬ್ಬಳು ಇನ್ನೊಂದು ಊರಲ್ಲಿ ಪುಸ್ತಕ ಕಟ್ಟುವ ಅಂಗಡಿ ಇಟ್ಟಿದ್ದಾಳೆ, ಅವಳ ಹತ್ತಿರ. ಒಂದು ಚೀಲ ಬಟ್ಟೆ, ಒಂದು ದೀಪ.

ಏಪ್ರಿಲ್ 11, ಗುರುವಾರ

ಏನೂ ಬರೆಯಲು ತೋಚಲಿಲ್ಲ ಇಷ್ಟು ದಿನ.

ನಮ್ಮನೆಯಲ್ಲಿ ಸದ್ದು ಮಾಡುತ್ತಿದ್ದವಳು ಅವಳೊಬ್ಬಳೇ ಅಂತ ಈಗ ಗೊತ್ತಾಗುತ್ತಿದೆ. ಪಾತ್ರೆ ಕುಕ್ಕುವವಳು ಅವಳು, ಕುರ್ಚಿ ದರದರ ಎಳೆಯುವವಳು ಅವಳು, ಬೀರುವಿನ ಬಾಗಿಲನ್ನು ಧಡಾರ್ ಅಂತ ಹಾಕುವವಳು ಅವಳು. ಎಷ್ಟು ಸಲ ಹಲ್ಲು ಕಚ್ಚಿದ್ದೇನೆ. ನಾನು ಅಮ್ಮ ಇಬ್ಬರೂ ಬೆಕ್ಕಿನ ಹಾಗೆ ಓಡಾಡುವವರು. ಈಗ ಮನೆಯಲ್ಲಿ ಚಮಚ ಬಿದ್ದರೆ ಇಬ್ಬರೂ ತಲೆಯೆತ್ತುತ್ತೇವೆ.

ಬೆಳಿಗ್ಗೆ ಅವಳ ಕೋಣೆಗೆ ಹೋಗಿ ಸ್ವಿಚ್ಚನ್ನು ಟಕ್ ಟಕ್ ಅಂತ ಹಾಕಿ ತೆಗೆದೆ. ನಾವು ಅವಳನ್ನು ಕರೆಯುವುದೇ ಹಾಗೆ. ಖಾಲಿ ಹಾಸಿಗೆಯ ಮೇಲೆ ಬೆಳಕು ಬಂದು ಹೋಯಿತು. ಆಮೇಲೆ ನಾನು ಯಾಕೆ ಹೋದೆ ಅನ್ನುವುದೇ ಮರೆತುಹೋಯಿತು.

ಅಮ್ಮ ನನ್ನ ಮೇಲೆ ರೇಗುವುದಿಲ್ಲ. ರೇಗಿದ್ದರೆ ಸಮ ಆಗುತ್ತಿತ್ತು.

ಏಪ್ರಿಲ್ 13, ಶನಿವಾರ

ಸಂದೇಶ ಕಳಿಸಿದೆ: ಊಟ ಆಯ್ತಾ. ‘ಹೂಂ.’ ಅಲ್ಲಿ ಸೆಕೆ ಇದೆಯಾ. ‘ಇಲ್ಲ.’ ಹುಷಾರು. ‘ಸರಿ.’

ವಿಡಿಯೋ ಕರೆ ಮಾಡಿದರೆ ಎತ್ತುವುದಿಲ್ಲ. ಬೇರೆಯವರಾದರೆ ದನಿಯನ್ನಾದರೂ ಕೇಳಬಹುದಿತ್ತು. ನಮ್ಮಿಬ್ಬರಿಗೆ ಮುಖ ಬೇಕು. ಮುಖ ಇಲ್ಲದಿದ್ದರೆ ಈ ‘ಸರಿ’ಯಲ್ಲಿ ಸಿಟ್ಟು ಎಷ್ಟು, ಸುಸ್ತು ಎಷ್ಟು, ಹೇಗೆ ತಿಳಿಯಬೇಕು?

ಇವತ್ತು ಸೈಟಿನಲ್ಲಿ ಅವಳ ಮುಖ ನೋಡೋಣ ಅಂತ ತೆರೆದೆ. ದನಿ ಶುರುವಾದ ಕೂಡಲೇ ಮುಚ್ಚಿದೆ. ಪೊರಕೆಗೆ ಫೋನ್ ಮಾಡಿ ಆ ವಿಡಿಯೋ ಈಗಲೇ ತೆಗೆಯಿರಿ ಅಂದೆ. “ಮೇಡಂ, ಮುಖಪುಟ ಖಾಲಿ ಬಿಟ್ಟರೆ ಜನ ಹೊಸ್ತಿಲಿಂದಲೇ ವಾಪಸ್ ಹೋಗ್ತಾರೆ,” ಅಂದ. ಹೋಗಲಿ ಅಂದೆ. ಮೂಲ ಚಿತ್ರೀಕರಣ, ಒಂದು ಚೂರೂ ಕತ್ತರಿಸದೆ, ನನಗೆ ಕಳಿಸಿ ಅಂತಲೂ ಹೇಳಿದೆ.

ಏಪ್ರಿಲ್ 16, ಮಂಗಳವಾರ

ಪೊರಕೆ ಮೊನ್ನೆಯೇ ಕಳಿಸಿದ್ದಾನೆ. ಅದರಲ್ಲಿ ಎಲ್ಲ ಇದೆ. ದೀಪದ ವೈರು ಸಿಕ್ಕಿಕೊಂಡಾಗ ಅವಳು ಬೈದದ್ದು, ಬೆಸುಗೆಯಣ್ಣನ ಚಪ್ಪಾಳೆ, ಮಧ್ಯೆ ಮಧ್ಯೆ ನಾನು ‘ಸ್ವಲ್ಪ ಮೆಲ್ಲಗೆ’ ಅಂತ ಕೈ ಆಡಿಸಿದ್ದು. ನಾನು ಅಷ್ಟು ಸಲ ಕೈ ಆಡಿಸಿದ್ದೆನಾ?

ಕ್ಯಾಮೆರಾ ಸರಿಮಾಡುತ್ತಿದ್ದಾಗ ಅವಳು ಸುಮ್ಮನೆ ಕೂತು ಏನೋ ಗುನುಗುತ್ತಿದ್ದಾಳೆ. ಅಪ್ಪ ಗಡ್ಡ ಮಾಡಿಕೊಳ್ಳುವಾಗ ಗುನುಗುತ್ತಿದ್ದದ್ದು. ರಾಗ ಎತ್ತಲೋ ಹೋಗಿದೆ, ತಾಳ ಮಾತ್ರ ಹಾಗೇ ಇದೆ. ಆರು ವರ್ಷಕ್ಕೆ ಕೇಳುವುದು ನಿಂತವಳು ಇಷ್ಟು ವರ್ಷ ಅದನ್ನು ಎಲ್ಲಿ ಇಟ್ಟುಕೊಂಡಿದ್ದಳು? ಗುನುಗುವುದನ್ನು ಮನೆಯಲ್ಲೂ ಕೇಳಿದ್ದೇನೆ, ಏನೋ ಗೊಣಗುತ್ತಾಳೆ ಅಂದುಕೊಂಡಿದ್ದೆ.

ಬಸ್ಸಿನಲ್ಲಿ ಹೋಗುವಾಗ, ಬರುವಾಗ, ಕಿವಿಗೆ ಹಾಕಿಕೊಂಡು ಅದನ್ನೇ ಕೇಳುತ್ತೇನೆ. ಚಿಲಕ ಅನ್ನುವಾಗ ಅವಳು ‘ಚಿಲ್ಕ’ ಅಂತ ಒತ್ತಿ ಹೇಳುತ್ತಾಳೆ, ಬಾಗಿಲು ಹಾಕಿದ ಹಾಗೇ. ಪಕ್ಕ ಕೂತಿದ್ದ ಹೆಂಗಸು ಇವತ್ತು, “ಏನು ಅಷ್ಟು ನಗು?” ಅಂತ ಕೇಳಿದಳು. ನನ್ನ ಕಣ್ಣಲ್ಲಿ ನೀರಿತ್ತು ಅಂತ ನಾನು ಅಂದುಕೊಂಡಿದ್ದೆ.

ಏಪ್ರಿಲ್ 20, ಶನಿವಾರ

ತಡೆಯಲಾಗಲಿಲ್ಲ. ಹೇಳದೆ ಕೇಳದೆ ರೈಲು ಹತ್ತಿದೆ. ಅಮ್ಮ ಅವಳಿಗಿಷ್ಟದ ಮೆತ್ತನೆ ಹೊದಿಕೆ ಮಡಿಸಿ ಕೊಟ್ಟಳು. “ಕಾಲು ಹಿಡಿದಾದರೂ ಕರ್ಕೊಂಡು ಬಾ,” ಅಂದಳು. ಆಮೇಲೆ, “ಬೇಡ. ಸುಮ್ಮನೆ ನೋಡ್ಕೊಂಡು ಬಾ,” ಅಂದಳು.

ಅವಳಿರುವುದು ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಅಂಗಡಿಯಲ್ಲಿದ್ದ ಗೆಳತಿ ಕೈ ತುಂಬ ಅಂಟು ಮಾಡಿಕೊಂಡಿದ್ದಳು, ಮೊಣಕೈಯಿಂದಲೇ ಮೆಟ್ಟಿಲು ತೋರಿಸಿದಳು. “ಮೇಲಿದ್ದಾಳೆ. ಬರ್ತೀರಿ ಅಂತ ಹೇಳಿದ್ರಾ?” ಇಲ್ಲ ಅಂದೆ. ಅವಳು ಮತ್ತೆ ಅಂಟಿನ ಡಬ್ಬಿಯ ಕಡೆ ತಿರುಗಿದಳು.

ಬಾಗಿಲ ಪಕ್ಕ ಬೆಲ್ಲಿನ ಗುಂಡಿ. ಒತ್ತಿದೆ. ಬಾಗಿಲ ಮೇಲಿನ ಗಾಜಿನಲ್ಲಿ ಬೆಳಕು ಬಂತು. ನಮ್ಮದೇ ದೀಪ, ಅರಿಶಿನ ಬಣ್ಣ, ಉಸಿರೆಳೆದ ಹಾಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಆ ಏರಿಳಿತಕ್ಕೆ ಅವಳು ತಿಂಗಳುಗಟ್ಟಲೆ ಕೂತಿದ್ದಳು, ಬೆಚ್ಚಿಬೀಳಿಸಬಾರದು ಅಂತ. ಒಳಗೆ ಕುರ್ಚಿ ದರದರ ಎಳೆದ ಸದ್ದು. ಆ ಸದ್ದು ಕೇಳಿ ನನಗೆ ಎದೆ ತುಂಬಿ ಬಂತು. ಹೆಜ್ಜೆಗಳು ಬಾಗಿಲ ತನಕ ಬಂದವು. ಬಾಗಿಲಲ್ಲಿ ಇಣುಕುವ ಸಣ್ಣ ಗಾಜಿನ ಕಣ್ಣಿದೆ. ನಾನು ಮುಖ ಎತ್ತಿ ನಿಂತೆ.

ಬಾಗಿಲು ತೆರೆಯಲಿಲ್ಲ.

ಇನ್ನೊಮ್ಮೆ ಒತ್ತಲು ಕೈ ಹೋಯಿತು. ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದೆ. ನಮ್ಮ ಮನೆಯಾಗಿದ್ದರೆ ಇಷ್ಟು ಹೊತ್ತಿಗೆ ತಳ್ಳಿಕೊಂಡು ಒಳಗೆ ಹೋಗಿ ಅವಳ ಹಾಸಿಗೆಯ ಮೇಲೆ ಕೂತಿರುತ್ತಿದ್ದೆ. ಒತ್ತಲಿಲ್ಲ. ಹೊದಿಕೆಯನ್ನು ಹೊಸ್ತಿಲ ಹತ್ತಿರ ಇಟ್ಟು ಇಳಿದು ಬಂದೆ.

ರೈಲಿನಲ್ಲಿ ಕೂತು ಸಂದೇಶ ಕಳಿಸಿದೆ: ‘ಬಂದಿದ್ದೆ.’

‘ಗೊತ್ತು.’

ನಮ್ಮ ದೀಪ ಚೆನ್ನಾಗಿ ಕೆಲಸ ಮಾಡುತ್ತದೆ. ಕಣ್ಣಾರೆ ನೋಡಿದೆ.

ಏಪ್ರಿಲ್ 22, ಸೋಮವಾರ

ಮೊಂಡಿಗೆ ಬರೆದು ಕಳಿಸಿದ್ದು: ‘ನೀನು ಕ್ಯಾಮೆರಾ ಮುಂದೆ ಹೇಳಿದ್ದನ್ನ ನಿನ್ನ ದನಿಯಲ್ಲೇ ಹಾಕಲಾ? ಕೆಳಗೆ ಅಕ್ಷರ ಇರುತ್ತೆ. ನಾನು ಬರೆದ ಕಥೆ ತೆಗೆದಿದ್ದೀನಿ. ನೀನು ಬೇಡ ಅಂದರೆ ನಿನ್ನ ಮುಖವೂ ಇರಲ್ಲ. ನೀನು ಹೇಳೋ ತನಕ ಏನೂ ಮಾಡಲ್ಲ.’

ಉತ್ತರವಿಲ್ಲ.

ಏಪ್ರಿಲ್ 26, ಶುಕ್ರವಾರ

ಇವತ್ತೂ ಇಲ್ಲ.

ಮೇ 2, ಗುರುವಾರ

ಮುಖಪುಟದಲ್ಲಿ ಈಗ ಬರೀ ದೀಪ, ಅವಳ ಹಳೆಯ ಸಾಲು. ಜನ ಬಂದಷ್ಟೇ ಬೇಗ ಹೋಗುತ್ತಾರೆ. ಪೊರಕೆ ದಿನಾ ಲೆಕ್ಕ ಕಳಿಸಿ ಹೆದರಿಸುತ್ತಾನೆ. ಅವನಿಗೂ ಒಳಗೊಳಗೇ ಬೇಜಾರಿದೆ. ಇವತ್ತು ಮಾತಿನ ನಡುವೆ, “ನಿಮ್ಮ ತಂಗಿ ನನ್ನ ಮೀಸೆಗೆ ಏನೋ ಹೆಸರಿಟ್ಟಿದ್ದರಂತೆ?” ಅಂತ ಕೇಳಿದ. ಹೇಳಿದೆ. ಹೊಟ್ಟೆ ತುಂಬ ನಕ್ಕ. ಆಮೇಲೆ, “ಅಕ್ಷರ ಬೇಡ ಅಂದವನು ನಾನೇ ಮೇಡಂ. ಯಾರ ಸೈಟಿಗೆ ಬೇಡ ಅಂದೆ ನೋಡಿ,” ಅಂದ. ಬೇಕು ಅನ್ನಬೇಕಾಗಿದ್ದವಳು ನಾನು ಅಂದೆ.

ಹೋಟೆಲಿನ ಅಧಿಕಾರಿಣಿ ಫೋನ್ ಮಾಡಿದ್ದರು. ದೀಪದ ಬೆಳಕು ಕೆಂಪಾಗಿದ್ದರೆ ಒಳ್ಳೆಯದಲ್ಲವೇ, ನಿಮ್ಮ ತಂಗಿ ಒಪ್ಪುತ್ತಾರಾ ಅಂತ ಕೇಳಿದರು. ಕೆಂಪು ಅಂದರೆ ಬೆಂಕಿ ಅಂದುಕೊಂಡು ಹೆದರುತ್ತಾರೆ ಅಂತ ಮೊಂಡಿ ನೂರು ಸಲ ಹೇಳಿದ್ದಾಳೆ, ನನಗೆ ಬಾಯಿಪಾಠ. “ಅವಳನ್ನೇ ಕೇಳಿ,” ಅಂದು ಮೊಂಡಿಯ ನಂಬರು ಕೊಟ್ಟೆ. ಫೋನ್ ಇಟ್ಟ ಮೇಲೆ ಬೆಸುಗೆಯಣ್ಣ ಇಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದದ್ದು ಗೊತ್ತಾಯಿತು. ಏನಣ್ಣ ಅಂದೆ. ಏನಿಲ್ಲ, ಚಹಾ ಕುಡೀತೀಯಾ ಅಂದರು.

ಸಂಜೆ ಸುಮ್ಮನೆ ಅಂಗಡಿ ಬೀದಿಯಲ್ಲಿ ಸುತ್ತಿದೆ. ನೀಲಿ ಅಂಗಿ ಹಾಕಿದ ಒಬ್ಬಳು ಮುಂದೆ ಹೋಗುತ್ತಿದ್ದಳು, ಅದೇ ಭುಜ, ಅದೇ ನಡಿಗೆ. ಕರೆಯಲು ಬಾಯಿ ತೆರೆದೆ. ಕರೆದರೆ ಕೇಳುವುದಿಲ್ಲವಲ್ಲ ಅಂತ ಓಡಿ ಹೋಗಿ ಭುಜ ಮುಟ್ಟಿದೆ. ಬೇರೆ ಯಾರೋ. ಕ್ಷಮೆ ಕೇಳಿದ ಮೇಲೂ ಆ ಭುಜದ ಬಿಸುಪು ಬಹಳ ಹೊತ್ತು ಅಂಗೈಯಲ್ಲಿತ್ತು.

ಮೇ 6, ಸೋಮವಾರ

ಬಂತು!

‘ಹಾಕು. ಚಿಲಕದ ಮಾತು ಮೊದಲು ಬರಲಿ. ಅಕ್ಷರ ದೊಡ್ಡದಿರಲಿ. ನನ್ನ ಮೂಗು ಕಾಣೋ ಆ ಓರೆ ಚಿತ್ರ ಬೇಡ.’

ಅಮ್ಮನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದಳು. ಮೂಗಿನ ವಿಷಯ ಬಂದಾಗ ಸೆರಗಿಗೆ ಕಣ್ಣೊರೆಸಿಕೊಂಡಳು.

ಮೇ 9, ಗುರುವಾರ

ಹಾಕಿದೆವು. ಬೆಸುಗೆಯಣ್ಣನ ಚಪ್ಪಾಳೆಯನ್ನೂ ಬಿಟ್ಟಿದ್ದೇವೆ, ಅವಳನ್ನು ಕೇಳಿಯೇ. ಕೆಲವರು ಶುರುವಿನಲ್ಲೇ ಬಿಟ್ಟು ಹೋಗುತ್ತಾರಂತೆ. ಉಳಿದವರು ಕೊನೆವರೆಗೂ ಇರುತ್ತಾರಂತೆ, ಅದನ್ನು ಪೊರಕೆ ಇಲ್ಲಿವರೆಗೂ ಯಾವ ಸೈಟಿನಲ್ಲೂ ನೋಡಿಲ್ಲವಂತೆ. ಅವನ ಮಾತಲ್ಲಿ ಅರ್ಧ ಕಳೆಯಬೇಕು. ಆದರೂ.

ಒಬ್ಬರು ಬರೆದಿದ್ದಾರೆ: ‘ನನಗೂ ಚಿಲಕ ಬೇಕು. ಎರಡು ದೀಪ ಕಳಿಸಿ.’ ಅದನ್ನು ಹಾಗೇ ಮೊಂಡಿಗೆ ಕಳಿಸಿದೆ. ಒಂದು ನಗುವ ಮುಖ ಬಂತು. ‘ಸರಿ’ ಅಲ್ಲ. ನಗುವ ಮುಖ.

ಮೇ 14, ಮಂಗಳವಾರ

ಹೋಟೆಲಿನವರು ಸದ್ಯಕ್ಕೆ ಒಂದೇ ಕಟ್ಟಡಕ್ಕೆ ಸಾಕು ಅಂದರು. ಅಷ್ಟಾದರೂ ಆಯಿತು. ಬೆಳಕು ಕೆಂಪಾಗುವುದಿಲ್ಲ. ಆ ವಾದದಲ್ಲಿ ಗೆದ್ದವಳು ಅವಳೇ, ಬರೆದೂ ಬರೆದೂ. ನನಗೆ ಸುದ್ದಿ ಕೊನೆಗೆ ಬಂತು.

ಮೇ 18, ಶನಿವಾರ

ಮಧ್ಯಾಹ್ನ ಊಟ ಮಾಡಿ ಕೂತಿದ್ದೆ. ಮೊಂಡಿಯ ವಿಡಿಯೋ ಕರೆ. ಕೈ ಒರೆಸಿಕೊಳ್ಳುವಷ್ಟರಲ್ಲಿ ಕಟ್ ಆದರೆ ಅಂತ ಹೆದರಿ ಹಾಗೇ ಒತ್ತಿದೆ.

ಕೂದಲು ಕತ್ತರಿಸಿಕೊಂಡಿದ್ದಾಳೆ. ಕೆನ್ನೆಯ ಮೇಲೆ ಒಣಗಿದ ಅಂಟು. ಫೋನನ್ನು ಲೋಟಕ್ಕೆ ಒರಗಿಸಿ, ಅವಳಿಗೆ ನನ್ನ ತುಟಿ ಕಾಣುವ ಹಾಗೆ ಕೂತೆ.

“ಗೆಳತಿಗೆ ವಿಡಿಯೋ ಕೇಳಿಸಿದೆ,” ಅಂದಳು. “ಯಾರ ದನಿ ಹೇಳು ಅಂದೆ. ನಿಂದೇ, ಇನ್ಯಾರಿಗೆ ಬರುತ್ತೆ ಈ ಅಬ್ಬರ ಅಂದಳು.”

ನಾನು ತಲೆಯಾಡಿಸಿದೆ.

“ಕೆಲಸ ಇಲ್ಲಿಂದಲೇ ಮಾಡ್ತೀನಿ. ಕಂಪನಿ ನಂದೂ ತಾನೇ. ಹೊಸ ಮಾದರಿಗೆ ಅಣ್ಣನ್ನ ಇಲ್ಲಿಗೆ ಕಳಿಸು. ಮನೆಗೆ ವಾಪಸ್ ಬರ್ತೀನಿ ಅಂತ ಅಮ್ಮನಿಗೆ ಹೇಳಬೇಡ.”

“ಹೇಳಲ್ಲ.”

ಏನೋ ಕೇಳಲು ಹೊರಟು ಎರಡು ಸಲ ಬಿಟ್ಟಳು. ಆಮೇಲೆ ಕೇಳಿದಳು.

“ಅಕ್ಕ, ನನ್ನ ದನಿ ಹೇಗಿದೆ?”

ಇಷ್ಟು ವರ್ಷದಲ್ಲಿ ಇದನ್ನು ಅವಳು ಯಾರನ್ನೂ ಕೇಳಿಲ್ಲ. ನಾವಾಗಿಯೂ ಯಾರೂ ಹೇಳಿಲ್ಲ. ಮೆಲ್ಲಗೆ, ಮೆಲ್ಲಗೆ ಅಂತ ಕೈ ಆಡಿಸಿದ್ದೊಂದೇ.

“ಚೆನ್ನಾಗಿದೆ ಕಣೇ.”

“ಸೈಟಿಗೆ ಬರೆಯೋ ಮಾತು ಬೇಡ. ನಿಜ ಹೇಳು.”

ಯೋಚನೆ ಮಾಡಿದೆ. ಅವಳಿಗೆ ಗೊತ್ತಿರುವುದರಲ್ಲೇ ಹೇಳಬೇಕಿತ್ತು. ಕೋಗಿಲೆ, ಗಂಟೆ, ಇವನ್ನೆಲ್ಲ ತಗೊಂಡು ಅವಳು ಏನು ಮಾಡಬೇಕು? ಕಿಟಕಿಯಾಚೆ ಅಮ್ಮ ಒಣಗಹಾಕಿದ ಬಟ್ಟೆ ಕಾಣುತ್ತಿತ್ತು.

“ಬಿಸಿಲಲ್ಲಿ ಒಣಗಿದ ಟವೆಲ್ ಇರುತ್ತಲ್ಲ,” ಅಂದೆ, ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ. “ಗರಿಗರಿ ಅಂತ. ಹಾಗಿದೆ. ಮೊದಲು ಮುಖಕ್ಕೆ ಸ್ವಲ್ಪ ಕೆರೆಯುತ್ತೆ.”

“ಆಮೇಲೆ?”

“ಆಮೇಲೆ ಮೆತ್ತಗಿರೋ ಯಾವ ಟವೆಲ್ಲೂ ಬೇಡ ಅನ್ಸುತ್ತೆ.”

ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ತನ್ನ ಗಂಟಲ ಮೇಲೆ ಬೆರಳಿಟ್ಟುಕೊಂಡಳು. “ಟವೆಲ್,” ಅಂದಳು, ಕೊನೆ ನುಂಗಿ. ಬೆರಳ ಕೆಳಗೆ ಅದು ಅದುರಿದ್ದು ಅವಳಿಗೆ ತಿಳಿದಿರಬೇಕು. ಇನ್ನೊಮ್ಮೆ ಅಂದಳು. ಆಮೇಲೆ ಬಾಯಿ ತೆರೆದು ನಕ್ಕಳು, ಫೋನಿನ ಸ್ಪೀಕರು ಒಡೆಯುವ ಹಾಗೆ. ಮೆಲ್ಲಗೆ ಅನ್ನಲು ನನ್ನ ಕೈ ಏಳಲೇ ಇಲ್ಲ.

ಯಾವಾಗ ನೋಡಲು ಬರಲಿ ಅಂತ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ತುಟಿ ಬಿಗಿಹಿಡಿದು ಅವಳ ಹೊಸ ಕೂದಲು ನೋಡುತ್ತಾ ಕೂತೆ.

“ನೋಡೋಣ,” ಅಂದಳು ಅವಳು. “ನಾನೇ ಹೇಳ್ತೀನಿ.”

ನಾನು ಏನನ್ನೂ ಕೇಳಿರಲಿಲ್ಲ.